ಆಟ ಕಟ್ಟುವವರ ಮನೆಯಲ್ಲಿ ಒಂದು ದಿನ

ರಾಯಚೂರು ಕೋಟೆಯ ಪಶ್ಚಿಮ ಗೋಡೆಯಲ್ಲಿ ಒಂದು ಕಲ್ಲಿದೆ. ಅದರ ಉದ್ದ 41 ಅಡಿಗೂ ಹೆಚ್ಚು. ತುಂಡು ಸೇರಿಸಿದ್ದಲ್ಲ, ಒಂದೇ ಕಲ್ಲು. ಅದರ ಮೇಲೆ ಕಾಕತೀಯರ ಕಾಲದ, 1294ನೇ ಇಸವಿಯ ಶಾಸನವಿದೆ. ಕೋಟೆ ಕಟ್ಟಿಸಿದ ದೊಡ್ಡವರ ಹೆಸರು ಅದರಲ್ಲಿದೆ. ಬಹಳ ಜನ ಅದನ್ನಷ್ಟೇ ನೋಡಿ ಮುಂದೆ ಹೋಗುತ್ತಾರೆ. ಆದರೆ ಅಲ್ಲೇ ಇನ್ನೊಂದು ಕಲ್ಲಿನ ಮೇಲೆ ಗೀರಿದ ಚಿತ್ರವೊಂದಿದೆ. ನನಗೆ ಶಾಸನಕ್ಕಿಂತ ಅದೇ ಇಷ್ಟ. ಆ ಉದ್ದನೆಯ ಕಲ್ಲನ್ನು ಬಂಡಿಯ ಮೇಲೆ ಹೇರಿ, ಸಾಲು ಸಾಲಾಗಿ ಕೋಣಗಳನ್ನು ಕಟ್ಟಿ ಎಳೆಸುತ್ತಿರುವ ಚಿತ್ರ ಅದು. ಬಂಡಿ ಹೊಡೆಯುವವರು ಇದ್ದಾರೆ, ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವವರು ಇದ್ದಾರೆ. ಅವರ ಹೆಸರು ಎಲ್ಲೂ ಇಲ್ಲ. ಆದರೆ ಕೆಲಸ ಹೇಗೆ ನಡೆಯಿತು ಎಂಬುದನ್ನು ಯಾರೋ ಮರೆಯದೆ ಕೊರೆದಿಟ್ಟಿದ್ದಾರೆ.

ಆರನೇ ತರಗತಿಯ ಮೊಮ್ಮಗನಿಗೆ ಈ ಚಿತ್ರ ತೋರಿಸಿದ್ದು ನಾವಿಬ್ಬರೂ ಬೆಂಗಳೂರಿಗೆ ಹೊರಟ ದಿನ. ಹಿರೇಕೊಟ್ನೆಕಲ್‌ನಿಂದ ಮಾನ್ವಿ, ಮಾನ್ವಿಯಿಂದ ರಾಯಚೂರು, ಅಲ್ಲಿಂದ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ರೈಲಿಗೆ ಇನ್ನೂ ಹೊತ್ತಿತ್ತು, ಕೋಟೆ ನೋಡಿದೆವು. ನಾವು ಹೊರಟಿದ್ದು ಮಾತ್ರ ಕೋಟೆ ನೋಡಲಿಕ್ಕಲ್ಲ, ವಿಡಿಯೊ ಗೇಮ್ ತಯಾರಿಸುವ ಕಂಪನಿಯೊಂದನ್ನು ನೋಡಲಿಕ್ಕೆ.

ಹುಡುಗಿಯ ತಾಯಿ ಕೇಳಿದ ಪ್ರಶ್ನೆ

ನಮ್ಮ ಓಣಿಯ ಹುಡುಗಿಯೊಬ್ಬಳು ಚಿತ್ರಕಲೆ ಓದಿ, ಬೆಂಗಳೂರಿನ ಗೇಮ್ ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ. ಊರಲ್ಲಿ ಈ ಸುದ್ದಿಗೆ ನಾನಾ ಅರ್ಥ ಹುಟ್ಟಿತ್ತು. ಒಂದು ಸಂಜೆ ಅವಳ ತಾಯಿ ನಮ್ಮ ಮನೆಗೆ ಬಂದು ಕೇಳಿದಳು: “ಕಾಕಾ, ಗೇಮ್ ಕಂಪನಿ ಅಂದ್ರ ಇಸ್ಪೇಟ್ ಆಡಸೋ ಕಂಪನಿ ಏನ್ರಿ? ವರನ ಕಡೇರು ಹಂಗ ಕೇಳಿ ಎದ್ದು ಹೋದ್ರು. ನೀವು ಬ್ಯಾಂಕಿನ್ಯಾಗ ಇದ್ದೋರು. ಒಂದ್ಸಲ ಹೋಗಿ ನೋಡಿ ಬರ್ರಿ.”

ಆಕೆಯ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಮೊಬೈಲ್ ತೆಗೆದರೆ ರಮ್ಮಿಯ ಜಾಹೀರಾತು ಬರುತ್ತಿದ್ದ ಕಾಲವನ್ನು ನಾವೆಲ್ಲ ನೋಡಿದ್ದೇವೆ. ಹಾಗಾಗಿ ಮೊದಲು ಇದನ್ನು ಹೇಳಿಬಿಡುತ್ತೇನೆ. ಹಣ ಪಣಕ್ಕಿಟ್ಟು ಆಡುವುದು ಬೇರೆ, ಕತೆ-ಚಿತ್ರ-ಸಂಗೀತ ಸೇರಿಸಿ ಆಟ ಕಟ್ಟುವುದು ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಕಾನೂನು ಕೂಡ ಈ ಎರಡನ್ನೂ ಬೇರೆ ಬೇರೆ ಇಟ್ಟಿದೆ. ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಉಳಿದ ಆಟಗಳಿಗೆ ಪ್ರೋತ್ಸಾಹ ಕೊಡುವ ಮಾತನ್ನು ಅದು ಆಡಿದೆ.

ಹುಡುಗಿಗೆ ಫೋನ್ ಮಾಡಿದೆ. “ತಾತಾ, ಮುಂದಿನ ಶನಿವಾರ ಮನಿಮಂದಿನ ಕರಕೊಂಡು ಬರೋ ದಿನ ಐತಿ, ಬಂದುಬಿಡ್ರಿ. ಆದ್ರ ಕಂಪನಿ ಹೆಸರು ಎಲ್ಲೂ ಬರೀಬ್ಯಾಡ್ರಿ” ಅಂದಳು. ಬರೆಯುವುದಿಲ್ಲ.

ಗುಟ್ಟಿನ ಕಚೇರಿ

ಬಾಗಿಲಲ್ಲೇ ರಿಜಿಸ್ಟರ್. ಹೆಸರು, ಊರು, ಒಳಗೆ ಬಂದ ವೇಳೆ ಬರೆದು ಸಹಿ ಹಾಕಿದೆ. ಕಾವಲುಗಾರ ನನ್ನ ಫೋನಿನ ಕ್ಯಾಮೆರಾದ ಕಣ್ಣಿಗೆ ಒಂದು ಪುಟ್ಟ ಸ್ಟಿಕರ್ ಅಂಟಿಸಿದ. ಇನ್ನೂ ಬಿಡುಗಡೆಯಾಗದ ಆಟದ ಒಂದು ಚಿತ್ರ ಹೊರಗೆ ಹೋದರೂ ವರ್ಷಗಟ್ಟಲೆ ಮಾಡಿದ ಕೆಲಸದ ಗುಟ್ಟು ಒಡೆದ ಹಾಗೆ. ಅವತ್ತು ಅತಿಥಿಗಳು ಬರುತ್ತಾರೆಂದು ಅರ್ಧಕ್ಕರ್ಧ ಪರದೆಗಳನ್ನು ಆರಿಸಿಟ್ಟಿದ್ದರು. ಈಗ ಯಾವ ಆಟದ ಕೆಲಸ ಮಾಡುತ್ತಿದ್ದೇನೆಂದು ಈ ಹುಡುಗಿ ತನ್ನ ತಾಯಿಗೂ ಹೇಳುವಂತಿಲ್ಲ. ಊರಲ್ಲಿ ಅನುಮಾನ ಹುಟ್ಟಿದ್ದು ಯಾಕೆಂದು ಆಗ ನನಗೆ ಹೊಳೆಯಿತು.

ಮೊಮ್ಮಗ ಒಳಗೆ ಎಲ್ಲರೂ ದಿನವಿಡೀ ಆಟ ಆಡುತ್ತಿರುತ್ತಾರೆ ಎಂದುಕೊಂಡಿದ್ದ. ಅಲ್ಲಿ ಕಂಡಿದ್ದು ಬೇರೆ. ಒಬ್ಬರು ಕುದುರೆಯ ಮಂಡಿ ಮಡಚುವುದನ್ನು ಹತ್ತು ಸಲ ತಿದ್ದುತ್ತಿದ್ದರು. ಇನ್ನೊಬ್ಬರು ತುಕ್ಕು ಹಿಡಿದ ಕೀಲುಗಳ ಫೋಟೊಗಳನ್ನು ಹರಡಿಕೊಂಡು ಕೂತಿದ್ದರು. ಊಟದ ಹೊತ್ತಿಗೆ ಎಲ್ಲರೂ ಎದ್ದು ಓಡಿದ್ದು ಯಾವುದರ ಕಡೆಗೆ ಗೊತ್ತೇ? ಕ್ಯಾರಂ ಬೋರ್ಡಿನ ಕಡೆಗೆ!

ಕಲ್ಲು ಮಾಡುವ ಕೆಲಸ

“ನಿನ್ನ ಕೆಲಸ ಏನವ್ವಾ?” ಎಂದು ಹುಡುಗಿಯನ್ನು ಕೇಳಿದೆ.

“ಕಲ್ಲು ಮಾಡೋದು ತಾತಾ” ಅಂದಳು.

ತಮಾಷೆ ಅಲ್ಲ. ಬಿಡುಗಡೆಯಾದ ಹಳೆಯ ಆಟವೊಂದರಲ್ಲಿ ದಾರಿಬದಿಗೆ ಬಿದ್ದಿದ್ದ ಕಲ್ಲು ತೋರಿಸಿದಳು. ತೆಂಗಿನಕಾಯಿಯಷ್ಟು ಗಾತ್ರ. ಕಂಪ್ಯೂಟರಿನಲ್ಲಿ ಮೊದಲು ತ್ರಿಕೋನಗಳ ಒಂದು ಬಲೆ ಹೆಣೆಯುತ್ತಾರೆ. ಅದು ಕಲ್ಲಿನ ಎಲುಬಿನ ಗೂಡು ಇದ್ದ ಹಾಗೆ. ಆಮೇಲೆ ಅದರ ಮೇಲೆ ಬಣ್ಣ, ಗೆರೆ, ಕಲೆಗಳ ಚರ್ಮ ಹೊದಿಸುತ್ತಾರೆ. ಕೊನೆಗೆ ಬೆಳಕು ಬಿಟ್ಟು, ನೆರಳು ಸರಿಯಾಗಿ ಬೀಳುತ್ತದೆಯೇ ನೋಡುತ್ತಾರೆ. ಆಡುವವನು ಆ ಕಲ್ಲನ್ನು ಅರೆಕ್ಷಣವೂ ನೋಡಲಾರ. ಇವಳು ಅದಕ್ಕೆ ಎರಡು ದಿನ ಕೊಟ್ಟಿದ್ದಳು.

“ಇದನ್ನ ಎಲ್ಲಿ ಕಲಿತಿ?” ಅಂದೆ.

“ನಮ್ಮೂರಾಗ. ಬಂಡೆಗಲ್ಲಿನ ಮ್ಯಾಲೆ ಮಳಿ ನೀರು ಇಳಿಯೋ ಕಡೆ ಕರೀ ಪಟ್ಟಿ ಇರ್ತದಲ್ರಿ? ಇಲ್ಲಿ ಬಹಳ ಮಂದಿಗಿ ಅದು ಗೊತ್ತಿದ್ದಿಲ್ಲ. ನಾ ಹಾಕಿದೆ.”

ನಮ್ಮೂರ ಹೆಸರಿನ ಕೊನೆಯಲ್ಲೇ ‘ಕಲ್’ ಇದೆ. ಅಲ್ಲಿ ಹುಟ್ಟಿದವಳಿಗೆ ಕಲ್ಲು ನೋಡುವ ಕಣ್ಣು ಬಂದಿದ್ದರಲ್ಲಿ ಆಶ್ಚರ್ಯವೇನು?

ಗೋಡೆಗೆ ಡಿಕ್ಕಿ ಹೊಡೆಯುವವರು

ಮೊಮ್ಮಗನಿಗೆ ಬಹಳ ಹಿಡಿಸಿದ್ದು ಟೆಸ್ಟರ್‌ಗಳ ಕೋಣೆ. ಇವರ ಕೆಲಸ ಆಟವನ್ನು ಕೆಡಿಸುವುದು! ಆಟದ ಗೊಂಬೆಯನ್ನು ಒಂದೊಂದು ಗೋಡೆಗೂ ಡಿಕ್ಕಿ ಹೊಡೆಸುತ್ತಾರೆ. ಗೋಡೆಯೊಳಗೆ ತೂರಿ ಹೋದರೆ ಅದು ತಪ್ಪು, ಬರೆದುಕೊಳ್ಳುತ್ತಾರೆ. ಒಂದೇ ಬಾಗಿಲನ್ನು ನೂರು ಸಲ ತೆಗೆದು ಹಾಕುತ್ತಾರೆ. ನೂರಾ ಒಂದನೇ ಸಲ ತೆರೆಯದಿದ್ದರೆ ಅದನ್ನೂ ಬರೆಯುತ್ತಾರೆ. ಬೇಸರ ಬಂದರೂ ಕಣ್ಣು ತಪ್ಪಬಾರದು.

ಈ ಕೆಲಸ ನನಗೆ ಪರಿಚಯದ್ದೇ. ಬ್ಯಾಂಕಿನಲ್ಲಿ ಸಂಜೆ ಲೆಡ್ಜರ್ ತಾಳೆ ಹಾಕುವಾಗ ಹತ್ತು ಪೈಸೆ ವ್ಯತ್ಯಾಸ ಬಂದರೂ ಯಾರೂ ಮನೆಗೆ ಹೋಗುತ್ತಿರಲಿಲ್ಲ. ಹತ್ತು ಪೈಸೆಯನ್ನು ಜೇಬಿನಿಂದ ಹಾಕಿ ಮುಗಿಸಬಹುದಲ್ಲ ಎಂದು ಮಕ್ಕಳು ಕೇಳಬಹುದು. ಆಗದು. ಹತ್ತು ಪೈಸೆಯ ಹಿಂದೆ ಎಷ್ಟು ದೊಡ್ಡ ತಪ್ಪು ಅಡಗಿದೆಯೋ ಯಾರಿಗೆ ಗೊತ್ತು?

ಕಂಪ್ಯೂಟರಿನ ತಪ್ಪಿಗೆ ‘ಬಗ್’, ಅಂದರೆ ಹುಳ, ಎನ್ನುತ್ತಾರೆ. ಅದಕ್ಕೊಂದು ನಿಜವಾದ ಕತೆಯಿದೆ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್-2 ಎಂಬ ಕಂಪ್ಯೂಟರ್ ಸರಿಯಾಗಿ ಓಡಲಿಲ್ಲ. ಬಿಚ್ಚಿ ನೋಡಿದರೆ ಒಳಗೆ ಒಂದು ಪತಂಗ ಸಿಕ್ಕಿಕೊಂಡು ಸತ್ತಿತ್ತು. ಆ ಹೆಸರು ಅದಕ್ಕೂ ಮೊದಲೇ ಬಳಕೆಯಲ್ಲಿತ್ತು, ಇದು ಮಾತ್ರ ನಿಜವಾದ ಹುಳ! ಅಲ್ಲಿದ್ದವರು ಪತಂಗವನ್ನು ಎಸೆಯಲಿಲ್ಲ. ದಿನಚರಿ ಪುಸ್ತಕದ ಪುಟಕ್ಕೆ ಟೇಪಿನಿಂದ ಅಂಟಿಸಿ, ಪಕ್ಕದಲ್ಲಿ ಟಿಪ್ಪಣಿ ಬರೆದರು. ಆ ಪುಸ್ತಕ ಈಗ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹಾಲಯದಲ್ಲಿದೆ. ಲೆಕ್ಕ ಬರೆಯುವವನಿಗೆ ಇದಕ್ಕಿಂತ ಸಂತೋಷದ ಸುದ್ದಿ ಇಲ್ಲ.

ಸದ್ದಿನ ಕೋಣೆಯೂ ಇತ್ತು. ಕುದುರೆಯ ಗೊರಸಿನ ಸದ್ದಿಗೆ ಎರಡು ತೆಂಗಿನ ಚಿಪ್ಪು ಸಾಕು. ಸಿನಿಮಾದವರ ಈ ಹಳೆಯ ಉಪಾಯ ಇಲ್ಲಿಯೂ ನಡೆಯುತ್ತದೆ. ಮನೆಯಲ್ಲಿ ಕಾಯಿ ತುರಿದ ಮೇಲೆ ಚಿಪ್ಪು ಎಸೆಯಬೇಡಿ ಮಕ್ಕಳೇ. ನೆಲಕ್ಕೆ ಕುಟ್ಟಿ ನೋಡಿ, ಕಣ್ಣು ಮುಚ್ಚಿದರೆ ಕುದುರೆ ಬರುತ್ತದೆ.

ಬೈಸಿಕೊಳ್ಳದ ಆಟಿಕೆ

ಕೆಲಸದ ಹೊತ್ತಿನಲ್ಲಿ ಆಡಿದರೆ ಮೇಲಿನವರು ಬೈಯುತ್ತಾರೆ. ಇದು ಎಲ್ಲ ಕಚೇರಿಗಳ ನಿಯಮ. ಜಪಾನಿನ ಕ್ಯೋಟೊ ಊರಿನಲ್ಲಿ ಒಮ್ಮೆ ಹಾಗಾಗಲಿಲ್ಲ. ಅಲ್ಲಿನ ನಿಂಟೆಂಡೊ ಕಂಪನಿ 1889ರಲ್ಲಿ ಶುರುವಾದದ್ದು ಕೈಯಲ್ಲಿ ಆಡುವ ಎಲೆಗಳನ್ನು ಮಾಡಲಿಕ್ಕೆ. ನಮ್ಮ ಮೈಸೂರಿನ ಗಂಜೀಫಾ ಎಲೆಗಳ ಹಾಗೆ ಅವರದು ಹೂವಿನ ಚಿತ್ರದ ಹನಾಫುಡಾ ಎಲೆಗಳು. ಅಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ ಗುನ್‌ಪೇ ಯೊಕೊಯ್ ಎಂಬ ಯುವಕ ಬೇಸರ ಕಳೆಯಲು, ಉದ್ದಕ್ಕೆ ಚಾಚಿ ಮಡಚುವ ಒಂದು ಕೈ ಮಾಡಿಕೊಂಡ. ಅದನ್ನು ಕಂಪನಿಯ ಅಧ್ಯಕ್ಷ ಹಿರೋಶಿ ಯಮೌಚಿ ಕಣ್ಣಾರೆ ಕಂಡರು. ಬೈಯಲಿಲ್ಲ, “ಇದನ್ನೇ ಮಾರುವ ಆಟಿಕೆ ಮಾಡು” ಎನ್ನುವ ಅರ್ಥದ ಮಾತಾಡಿದರು. 1966ರಲ್ಲಿ ‘ಅಲ್ಟ್ರಾ ಹ್ಯಾಂಡ್’ ಎಂಬ ಹೆಸರಿನಲ್ಲಿ ಅದು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಮುಂದೆ ಅದೇ ಯೊಕೊಯ್, ರೈಲಿನಲ್ಲಿ ಒಬ್ಬ ಪ್ರಯಾಣಿಕ ಬೇಸರಕ್ಕೆ ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತಾ ಕೂತಿದ್ದನ್ನು ನೋಡಿ, ಅಂಗೈಯಲ್ಲಿ ಹಿಡಿದು ಆಡುವ ಆಟದ ಯಂತ್ರ ಮಾಡಿದರು. ಅದು ಬಂದದ್ದು 1980ರಲ್ಲಿ.

ಮಕ್ಕಳಿಗೆಲ್ಲ ಗೊತ್ತಿರುವ ಮಾರಿಯೊ ಕೂಡ ಇದೇ ಕಂಪನಿಯವನು. ಅವನಿಗೆ ಮೀಸೆ ಯಾಕೆ? ಆಗಿನ ಪರದೆಯಲ್ಲಿ ಬಾಯಿ ಬಿಡಿಸುವಷ್ಟು ಚುಕ್ಕೆಗಳಿರಲಿಲ್ಲ, ಮೀಸೆ ಇಟ್ಟು ಬಾಯಿ ಮುಚ್ಚಿದರು. ಟೋಪಿ ಯಾಕೆ? ಕೂದಲು ಬಿಡಿಸುವ ತೊಂದರೆ ತಪ್ಪಲಿ ಅಂತ. ಹೆಸರು ಎಲ್ಲಿಯದು? ಅಮೆರಿಕದಲ್ಲಿ ಕಂಪನಿಗೆ ಗೋದಾಮು ಬಾಡಿಗೆ ಕೊಟ್ಟಿದ್ದ ಮಾಲೀಕನದು!

ಅಡಗಿಸಿಟ್ಟ ಹೆಸರು

ಮಾಲೀಕನ ಹೆಸರು ಆಟಕ್ಕೆ ಬಂತು. ಆಟ ಮಾಡಿದವರ ಹೆಸರು? ಒಂದು ಕಾಲದಲ್ಲಿ ಅದು ಎಲ್ಲೂ ಇರುತ್ತಿರಲಿಲ್ಲ.

ಅಮೆರಿಕದ ಅಟಾರಿ ಕಂಪನಿಯಲ್ಲಿ ವಾರೆನ್ ರಾಬಿನೆಟ್ ಎಂಬ ಯುವಕ ಒಬ್ಬನೇ ಕೂತು ‘ಅಡ್ವೆಂಚರ್’ ಎಂಬ ಆಟ ಬರೆದ. ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರು ಮಾತ್ರ. ಅವನು ಯಾರಿಗೂ ಹೇಳದೆ ಆಟದೊಳಗೆ ಒಂದು ಗುಪ್ತ ಕೋಣೆ ಕಟ್ಟಿ, ಈ ಆಟ ಮಾಡಿದವನು ತಾನೆಂದು ಅದರಲ್ಲಿ ಬರೆದಿಟ್ಟ. ಕಣ್ಣಿಗೆ ಕಾಣದಷ್ಟು ಸಣ್ಣ ಬೂದು ಚುಕ್ಕೆಯೊಂದನ್ನು ಹುಡುಕಿ ತಂದರಷ್ಟೇ ಆ ಕೋಣೆಗೆ ದಾರಿ. 1980ರಲ್ಲಿ ಸಾಲ್ಟ್ ಲೇಕ್ ಸಿಟಿಯ 15 ವರ್ಷದ ಹುಡುಗನೊಬ್ಬ ಅದನ್ನು ಪತ್ತೆ ಹಚ್ಚಿ ಕಂಪನಿಗೆ ಕಾಗದ ಬರೆದ. ಅಷ್ಟು ಹೊತ್ತಿಗೆ ರಾಬಿನೆಟ್ ಕೆಲಸ ಬಿಟ್ಟಾಗಿತ್ತು. ಅಳಿಸಲು ಬಹಳ ಖರ್ಚೆಂದು ಕಂಪನಿ ಹೆಸರನ್ನು ಹಾಗೇ ಬಿಟ್ಟಿತು. ಆಟಗಳಲ್ಲಿ ಗುಪ್ತವಾಗಿ ಇಡುವ ಇಂಥ ವಿಸ್ಮಯಗಳಿಗೆ ‘ಈಸ್ಟರ್ ಮೊಟ್ಟೆ’ ಎನ್ನುವ ಹೆಸರು ಬಂದದ್ದು ಅಲ್ಲಿಂದಲೇ.

ಅದೇ ಕಂಪನಿಯ ಇನ್ನೂ ನಾಲ್ವರು ತಮ್ಮ ಆಟಗಳು ತಂದ ಲಾಭದ ಲೆಕ್ಕ ಹಾಕಿ, ಹೆಸರು ಮತ್ತು ಪಾಲು ಕೇಳಿದರು. ಆಟವನ್ನು ಪೆಟ್ಟಿಗೆಗೆ ತುಂಬುವವರೂ ನಿಮ್ಮಷ್ಟೇ ಮುಖ್ಯ ಎಂಬ ಧಾಟಿಯ ಉತ್ತರ ಸಿಕ್ಕಿತು. ಅವರು ಹೊರಬಂದು 1979ರಲ್ಲಿ ಆಕ್ಟಿವಿಷನ್ ಎಂಬ ಕಂಪನಿ ತೆರೆದರು. ಅದರ ಆಟಗಳ ಜೊತೆ ಮಾಡಿದವರ ಹೆಸರೂ ಬರತೊಡಗಿತು. ನನಗನಿಸುವುದು ಇಷ್ಟು: ಪೆಟ್ಟಿಗೆ ತುಂಬುವವರು ಮುಖ್ಯ ಎಂಬ ಮಾತು ಸುಳ್ಳಲ್ಲ. ಹಾಗಿದ್ದರೆ ಅವರ ಹೆಸರನ್ನೂ ಹಾಕಬೇಕಿತ್ತು, ಇವರ ಹೆಸರನ್ನು ಬಿಡುವುದಲ್ಲ.

ಬೆಂಗಳೂರಿನ ಕೈ

ನಮ್ಮ ರಾಜ್ಯದಲ್ಲಿ ಈ ಉದ್ಯಮ ಹೊಸದೇನಲ್ಲ. 1997ರಲ್ಲೇ ರಾಜೇಶ್ ರಾವ್ ಅವರ ಧ್ರುವ ಇಂಟರಾಕ್ಟಿವ್ ಬೆಂಗಳೂರಿನಲ್ಲಿ ಆಟದ ಕೆಲಸಕ್ಕೆ ಇಳಿದಿತ್ತು. ದೇಶದ ಮೊಟ್ಟಮೊದಲ ಗೇಮ್ ಕಂಪನಿಗಳಲ್ಲಿ ಅದೊಂದು. ಮೊಬೈಲ್ ಆಟಗಳಿಗಾಗಿ ಚಾರ್ಲಿ ಚಾಪ್ಲಿನ್ ಚಿತ್ರ ಬಳಸುವ ಹಕ್ಕನ್ನು ಅದು ಕೊಂಡಿತ್ತು ಎಂದರೆ ನನ್ನ ವಯಸ್ಸಿನವರಿಗೆ ಖುಷಿಯಾದೀತು. ಕಾರು ಓಟದ ಫೋರ್ಜಾ ಆಟಗಳಿಗೂ, ಕಡಲ ಸಾಹಸದ ಸೀ ಆಫ್ ಥೀವ್ಸ್ ಆಟಕ್ಕೂ ಇಲ್ಲಿನ ಕಲಾವಿದರ ಕೈ ತಗುಲಿದೆ. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಇದನ್ನು 79 ಲಕ್ಷ ಡಾಲರಿಗೆ ಕೊಂಡು, ತನ್ನ ಬೆಂಗಳೂರು ಶಾಖೆಗೆ ಸೇರಿಸಿಕೊಂಡಿತು. ಅಜ್ಜ-ಅಜ್ಜಿಯರೇ, ಒಂದು ಮಾತು: ಆ ಕಂಪನಿಯ ಹೆಸರಾಂತ ಆಟಗಳು ದೊಡ್ಡವರಿಗೆ, ಮಕ್ಕಳಿಗಲ್ಲ. ಆಟದ ಪೆಟ್ಟಿಗೆಯ ಮೇಲೆ ಯಾವ ವಯಸ್ಸಿನವರಿಗೆಂದು ಗುರುತಿರುತ್ತದೆ. ಔಷಧಿಯ ತಾರೀಖು ನೋಡುವ ಹಾಗೆ ಅದನ್ನೂ ನೋಡಿ ಕೊಡಿಸಿ.

ಅಮೆರಿಕದ ಜಿಂಗಾ ಕಂಪನಿಯೂ 2010ರಲ್ಲಿ ಬೆಂಗಳೂರಿಗೆ ಬಂತು. ಜಿಂಗಾ ಎಂಬುದು ಅದನ್ನು ಕಟ್ಟಿದ ಮಾರ್ಕ್ ಪಿಂಕಸ್ ಸಾಕಿದ ನಾಯಿಯ ಹೆಸರು. ಕಂಪನಿಯ ಗುರುತಿನಲ್ಲೂ ಆ ನಾಯಿಯೇ! ಅಮೆರಿಕದ ಮುಖ್ಯ ಕಚೇರಿಗೆ ನೌಕರರು ತಮ್ಮ ನಾಯಿಗಳನ್ನು ಕರೆತರಬಹುದಿತ್ತು. 2009ರಲ್ಲಿ ಅದು ಬಿಟ್ಟ ಫಾರ್ಮ್‌ವಿಲ್ ಎಂಬ ಒಕ್ಕಲುತನದ ಆಟವನ್ನು ಕೋಟಿಗಟ್ಟಲೆ ಜನ ಆಡಿದರು. ಅದರಲ್ಲಿ ಭತ್ತ ಬಿತ್ತಿದರೆ 12 ತಾಸಿಗೆ ಕೊಯ್ಲು! ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಕಾದು, ನಾಲ್ಕೈದು ತಿಂಗಳು ಗದ್ದೆ ಕಾಯುವ ನಮ್ಮ ಮಾನ್ವಿ ಸೀಮೆಯ ರೈತರಿಗೆ ಇದನ್ನು ಹೇಳಿದಾಗ ಅವರು ನಕ್ಕ ನಗೆ ಕಟ್ಟೆಯಾಚೆಗೂ ಕೇಳಿತ್ತು.

ಅವಸರದ ಬೆಲೆ

ಎಲ್ಲವೂ ನಗೆಯಲ್ಲ. ಆಟ ಬಿಡುಗಡೆಯಾಗುವ ದಿನ ಹತ್ತಿರ ಬಂದಾಗ ಇಲ್ಲಿಯವರು ಹಗಲು-ರಾತ್ರಿ ದುಡಿಯುತ್ತಾರೆ. ಅದಕ್ಕೆ ‘ಕ್ರಂಚ್’ ಎಂಬ ಹೆಸರೇ ಇದೆ. ನಮಗೂ ಬ್ಯಾಂಕಿನಲ್ಲಿ ಕ್ಲೋಸಿಂಗ್ ರಾತ್ರಿಗಳಿದ್ದವು. ಮಿರ್ಚಿ, ಒಗ್ಗರಣೆ ಮಂಡಾಳು, ಚಹಾ ತರಿಸಿಕೊಂಡು ಲೆಕ್ಕ ಮುಗಿಸುತ್ತಿದ್ದೆವು. ಆದರೆ ಅವು ವರ್ಷಕ್ಕೆ ಕೆಲವೇ ರಾತ್ರಿ. ತಿಂಗಳುಗಟ್ಟಲೆ ಹಾಗೆ ದುಡಿದರೆ ಮೈಯೂ ಕೆಡುತ್ತದೆ, ಕೆಲಸವೂ ಕೆಡುತ್ತದೆ. 1982ರಲ್ಲಿ ಅಟಾರಿ ‘ಇ.ಟಿ.’ ಸಿನಿಮಾದ ಆಟವನ್ನು ಮಾಡಲು ಒಬ್ಬ ನೌಕರನಿಗೆ ಸುಮಾರು ಐದು ವಾರ ಮಾತ್ರ ಕೊಟ್ಟಿತು. ಆಟ ಜನಕ್ಕೆ ಹಿಡಿಸಲಿಲ್ಲ. ಮಾರಾಟವಾಗದೆ ಉಳಿದ ಬೇರೆ ಆಟಗಳ ಜೊತೆ ಅದನ್ನೂ ಮರುವರ್ಷ ಮರುಭೂಮಿಯ ಕಸದ ಗುಂಡಿಯಲ್ಲಿ ಹೂತರು. 2014ರಲ್ಲಿ ಅಗೆದಾಗ ಅವು ಮತ್ತೆ ಸಿಕ್ಕವು.

“ನಿನಗೂ ರಾತ್ರಿ ಕೆಲಸ ಇರ್ತದೇನು?” ಎಂದು ಹುಡುಗಿಯನ್ನು ಕೇಳಿದೆ. “ಒಮ್ಮೊಮ್ಮೆ ತಾತಾ. ಅವ್ವಗ ಹೇಳಬ್ಯಾಡ್ರಿ” ಅಂದಳು. ನಾನು ಹೇಳಿದೆ. ತಾಯಿಗೆ ಗೊತ್ತಿರಬೇಕಾದ ವಿಷಯ ಅದು.

ಊರಿಗೆ ಬಂದು ಆಕೆಗೆ ಪೂರ್ತಿ ವರದಿ ಕೊಟ್ಟೆ. ಸಂಬಳ ಬ್ಯಾಂಕಿನ ಖಾತೆಗೆ ಬರುತ್ತದೆ, ಪಿ.ಎಫ್. ಕಟ್ಟುತ್ತಾರೆ, ಇಸ್ಪೇಟಿನ ಮಾತೇ ಇಲ್ಲ, ನಿನ್ನ ಮಗಳು ಕಲ್ಲು ಮಾಡುತ್ತಾಳೆ ಅಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಲ್ಲು ಮಾಡಾಕ ಬೆಂಗಳೂರಿಗ್ಯಾಕ ಹೋಗಬೇಕಿತ್ರಿ ಕಾಕಾ, ನಮ್ಮೂರಾಗ ಏನ್ ಕಮ್ಮಿ ಅದಾವು?” ಅಂದು ನಕ್ಕಳು. ಬಹಳ ದಿನಗಳ ಮೇಲೆ ನಕ್ಕಿದ್ದಳು. ಆಮೇಲೆ ಕೇಳಿದಳು: “ಅಕಿ ಹೆಸರು ಎಲ್ಲಾದ್ರೂ ಬರ್ತದೇನ್ರಿ?”

ಬರುತ್ತದೆ. ಮಕ್ಕಳೇ, ಆಟ ಮುಗಿದ ಮೇಲೆ ಪರದೆಯ ಮೇಲೆ ಹೆಸರುಗಳ ಉದ್ದ ಪಟ್ಟಿ ಏರುತ್ತಾ ಹೋಗುತ್ತದಲ್ಲ, ಇನ್ನು ಮುಂದೆ ಗುಂಡಿ ಒತ್ತಿ ಅದನ್ನು ದಾಟಿಸಬೇಡಿ. ಅಜ್ಜ-ಅಜ್ಜಿಯರನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ಅವರಿಗೆ ಇಂಗ್ಲಿಷ್ ಬಾರದಿದ್ದರೆ ನೀವೇ ಓದಿ ಹೇಳಿ. ಚಿತ್ರ ಬಿಡಿಸಿದವರು ಯಾರು, ಸದ್ದು ಮಾಡಿದವರು ಯಾರು, ಗೋಡೆಗೆ ಡಿಕ್ಕಿ ಹೊಡೆದವರು ಯಾರು ಎಂದು ನೋಡಿ. ನಮ್ಮ ಕಡೆಯ ಹೆಸರುಗಳು ಎಷ್ಟಿವೆ, ಎಣಿಸಿ. ಒಂದು ದಿನ ಆ ಪಟ್ಟಿಯಲ್ಲಿ ಹಿರೇಕೊಟ್ನೆಕಲ್ಲಿನ ಹುಡುಗಿಯ ಹೆಸರೂ ಹಾದು ಹೋಗುತ್ತದೆ. ಯಾವ ಹೆಸರು ಅವಳದೆಂದು ನಿಮಗೆ ತಿಳಿಯುವುದಿಲ್ಲ. ಅದಕ್ಕೇ ಎಲ್ಲ ಹೆಸರನ್ನೂ ಓದಿ.